ಟೊಮೆಟೊ ಗಿಡಕ್ಕೆ ಫಿಲ್ಟರ್ ನೀರು: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವುದು

ಕುಂಡದ ಟೊಮೆಟೊ ಗಿಡದ ಎಲೆ ಹಳದಿಯಾದರೆ, ಅಂಚು ಸುಟ್ಟರೆ, ಕಾಯಿ ಕಪ್ಪಾದರೆ ಮೊದಲ ಅನುಮಾನ ಬೀಳುವುದು ನಲ್ಲಿ ನೀರಿನ ಮೇಲೆ. ಮರುದಿನದಿಂದಲೇ ಅಡುಗೆಮನೆಯ ಫಿಲ್ಟರ್ ನೀರು ಗಿಡದ ಬುಡಕ್ಕೆ ಹೋಗತೊಡಗುತ್ತದೆ. ಕೆಲವು ಗಿಡಗಳು ಚೇತರಿಸಿಕೊಳ್ಳುತ್ತವೆ, ಹೆಚ್ಚಿನವು ಇದ್ದ ಹಾಗೆಯೇ ಇರುತ್ತವೆ, ಇನ್ನು ಕೆಲವು ಮೊದಲಿಗಿಂತ ಕೆಡುತ್ತವೆ. ಫಿಲ್ಟರ್ ಎಂಬುದು ನೀರಿನಿಂದ ಏನನ್ನೋ ತೆಗೆಯುವ ಸಾಧನ, ಅಷ್ಟೇ. ತೆಗೆದದ್ದು ಗಿಡಕ್ಕೆ ಬೇಡದ ಸೋಡಿಯಂ ಆಗಿದ್ದರೆ ಲಾಭ. ಗಿಡ ಅದುವರೆಗೆ ನೆಚ್ಚಿಕೊಂಡಿದ್ದ ಕ್ಯಾಲ್ಸಿಯಂ ಆಗಿದ್ದರೆ ನಷ್ಟ. ನೀರು ಬದಲಾದರೆ ಗೊಬ್ಬರದ ಲೆಕ್ಕವೂ ಬದಲಾಗಬೇಕು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಪರೀಕ್ಷೆಗಳನ್ನು ಮಾಡಿ.

ಮೊದಲು ನೀರಿನದಲ್ಲದ ದೋಷಗಳನ್ನು ಬದಿಗೆ ಸರಿಸಿ

ನೀರಿನ ಗುಣಕ್ಕೂ ಗಿಡದ ತೊಂದರೆಗೂ ಸಂಬಂಧವೇ ಇಲ್ಲದ ಸಂದರ್ಭಗಳು ಬಹಳ. ಎಲೆಯ ಅಡಿಭಾಗವನ್ನು ತಿರುವಿ ನೋಡಿ. ಮುಟ್ಟಿದರೆ ಹಾರುವ ಸಣ್ಣ ಬಿಳಿ ನೊಣಗಳಿದ್ದು, ಚಿಗುರೆಲೆಗಳು ಚಿಕ್ಕದಾಗಿ ಮೇಲ್ಮುಖವಾಗಿ ಮುದುಡಿ, ಅಂಚು ಹಳದಿಯಾಗಿದ್ದರೆ ಅದು ಎಲೆ ಮುಟುರು ರೋಗ. ಅದು ವೈರಸ್ಸಿನಿಂದ ಬರುವುದು, ಯಾವ ನೀರಿನಿಂದಲೂ ವಾಸಿಯಾಗುವುದಿಲ್ಲ. ಕೆಳಗಿನ ಎಲೆಗಳ ಮೇಲೆ ಒಂದರೊಳಗೊಂದು ಬಳೆಗಳಿಟ್ಟಂತೆ ಕಂದು ಚುಕ್ಕೆಗಳಿದ್ದರೆ ಅಂಗಮಾರಿ ರೋಗ. ಗಿಡದ ಒಂದು ಪಕ್ಕ ಮಾತ್ರ ಹಳದಿಯಾಗಿ ಬಾಡುತ್ತಿದ್ದರೆ ಸೊರಗು ರೋಗದ ಅನುಮಾನ. ಸೂಕ್ಷ್ಮವಾದ ಬಲೆ ಮತ್ತು ಎಲೆಯ ಮೇಲೆ ಸೂಜಿ ಚುಚ್ಚಿದಂಥ ಮಸುಕು ಚುಕ್ಕೆಗಳಿದ್ದರೆ ನುಸಿ.

ಬಿರು ಬಿಸಿಲಿನ ದಿನಗಳಲ್ಲಿ ಕೆಳಗಿನ ಬಲಿತ ಎಲೆಗಳು ಕೊಳವೆಯಂತೆ ಸುರುಳಿಯಾಗುವುದು, ಆದರೆ ಹಸಿರಾಗಿಯೇ ಇರುವುದು ಉಂಟು. ಗಿಡ ತನ್ನ ನೀರನ್ನು ಉಳಿಸಿಕೊಳ್ಳುವ ಉಪಾಯ ಅದು. ಅದಕ್ಕೆ ಔಷಧವೂ ಬೇಡ, ಫಿಲ್ಟರೂ ಬೇಡ.

ಎಲ್ಲಕ್ಕಿಂತ ಸಾಮಾನ್ಯವಾದದ್ದು ನೀರಿನ ಪ್ರಮಾಣದ ದೋಷ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ಒಳಗೆ ಸದಾ ಕೆಸರಿನಂತಿದ್ದು ಗಿಡ ಬಾಡಿದ್ದರೆ ಬೇರಿಗೆ ಗಾಳಿ ಸಿಗುತ್ತಿಲ್ಲ. ಬಾಡಿದೆ ಎಂದು ಮತ್ತಷ್ಟು ನೀರು ಹೊಯ್ಯುವುದು ಇಲ್ಲಿ ಗಿಡಕ್ಕೆ ಮಾಡುವ ದೊಡ್ಡ ಅಪಕಾರ. ಕುಂಡದ ತಳದ ತೂತು ಮುಚ್ಚಿದೆಯೇ ಎಂದು ನೋಡುವುದು ಅರ್ಧ ನಿಮಿಷದ ಕೆಲಸ. ಆದರೂ ಜನ ಆ ಕೆಲಸ ಬಿಟ್ಟು ಬೆಲೆಬಾಳುವ ಮೀಟರ್ ಕೊಳ್ಳುತ್ತಾರೆ.

ನಿಮ್ಮ ಫಿಲ್ಟರ್ ಏನನ್ನು ತೆಗೆಯುತ್ತದೆ?

‘ಫಿಲ್ಟರ್ ನೀರು’ ಎಂದರೆ ಒಂದೇ ಬಗೆಯ ನೀರಲ್ಲ. ದೋಷ ಹುಡುಕುವವರು ಇಲ್ಲಿಯೇ ದಾರಿ ತಪ್ಪುತ್ತಾರೆ.

ಇದ್ದಿಲಿನ ಫಿಲ್ಟರ್, ಅಂದರೆ ಕಾರ್ಬನ್ ಇರುವ ಜಗ್ ಅಥವಾ ನಲ್ಲಿಗೆ ಸಿಕ್ಕಿಸುವ ಡಬ್ಬಿ, ಕ್ಲೋರಿನ್, ವಾಸನೆ ಮತ್ತು ಕೆಲವು ಸಾವಯವ ವಸ್ತುಗಳನ್ನು ಹಿಡಿಯುತ್ತದೆ. ಕರಗಿದ ಉಪ್ಪು ಹಾಗೆಯೇ ಹಾದುಹೋಗುತ್ತದೆ. ನಲ್ಲಿ ನೀರು ಉಪ್ಪುಪ್ಪಾಗಿದ್ದರೆ ಇದರಿಂದ ಗಿಡಕ್ಕೆ ಪ್ರಯೋಜನವಿಲ್ಲ. ಕೆಲವು ಜಗ್‌ಗಳಲ್ಲಿ ಇದ್ದಿಲಿನ ಜೊತೆಗೆ ರಾಳದ ಹರಳುಗಳೂ ಇರುತ್ತವೆ, ಅವು ಗಡಸುತನವನ್ನು ಸ್ವಲ್ಪ ತಗ್ಗಿಸುತ್ತವೆ.

ಅಲ್ಟ್ರಾವಯೊಲೆಟ್ ದೀಪದ ಯಂತ್ರ ಕ್ರಿಮಿಗಳನ್ನು ಕೊಲ್ಲುತ್ತದೆ, ನೀರಿನ ರಾಸಾಯನಿಕ ಗುಣವನ್ನು ಮುಟ್ಟುವುದಿಲ್ಲ. ಗಿಡದ ಪಾಲಿಗೆ ಇದು ನಲ್ಲಿ ನೀರೇ. ಮೇಣದಬತ್ತಿಯಾಕಾರದ ಸೆರಾಮಿಕ್ ಫಿಲ್ಟರಿನ ಕಥೆಯೂ ಬಹುತೇಕ ಇದೇ. ಕುದಿಸಿ ಆರಿಸಿದ ನೀರಿನಲ್ಲಿ ಬೈಕಾರ್ಬೊನೇಟಿನ ಒಂದು ಭಾಗ ಸುಣ್ಣವಾಗಿ ತಳಕ್ಕೆ ಕೂರುತ್ತದೆ, ಉಳಿದ ಉಪ್ಪು ಆವಿಯಾದ ನೀರಿನಷ್ಟು ಗಟ್ಟಿಯಾಗುತ್ತದೆ.

ಆರ್‌ಒ (ರಿವರ್ಸ್ ಆಸ್ಮೋಸಿಸ್, ಒತ್ತಡ ಹಾಕಿ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಹಾಯಿಸುವ) ಯಂತ್ರದ ಪೊರೆ ಕರಗಿದ ಉಪ್ಪಿನ ಬಹುಪಾಲನ್ನು, ಸುಸ್ಥಿತಿಯಲ್ಲಿದ್ದರೆ ಶೇಕಡ 90ಕ್ಕಿಂತ ಹೆಚ್ಚನ್ನು, ತಡೆಯುತ್ತದೆ. ಸೋಡಿಯಂ ಹೋಗುತ್ತದೆ, ಅದರ ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಎಲ್ಲವೂ ಹೋಗುತ್ತವೆ. ಕೆಲವು ಯಂತ್ರಗಳಲ್ಲಿ ರುಚಿಗಾಗಿ ಒಂದಿಷ್ಟು ಮೂಲ ನೀರನ್ನು ಮತ್ತೆ ಬೆರೆಸುವ ವ್ಯವಸ್ಥೆ ಇರುತ್ತದೆ. ಆದ್ದರಿಂದ ಯಂತ್ರದ ಹೆಸರು ನೋಡಿ ತೀರ್ಮಾನಿಸದೆ ಹೊರಬರುವ ನೀರನ್ನೇ ಅಳೆಯಬೇಕು.

ನಿಜವಾಗಿ ಅಪಾಯಕಾರಿಯಾದದ್ದು ಉಪ್ಪು ತುಂಬಿಸಿ ನಡೆಸುವ ನೀರು ಮೃದುಗೊಳಿಸುವ ಯಂತ್ರ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಸೋಪಿನ ನೊರೆ ಚೆನ್ನಾಗಿ ಬರುತ್ತದೆ, ಬಟ್ಟೆ ಮೆತ್ತಗಾಗುತ್ತದೆ, ಟೊಮೆಟೊ ಸಾಯುತ್ತದೆ. ಒಟ್ಟು ಉಪ್ಪಿನ ಅಂಕಿ ಮೊದಲಿನಷ್ಟೇ ಇರುವುದರಿಂದ ಮೀಟರ್ ಈ ಮೋಸವನ್ನು ತೋರಿಸುವುದಿಲ್ಲ. ಸೋಡಿಯಂ ಹೆಚ್ಚಾದಂತೆ ಜೇಡಿಮಣ್ಣಿನ ಕಣಗಳು ಬಿಡಿಬಿಡಿಯಾಗಿ ಮಣ್ಣು ಹೆಪ್ಪುಗಟ್ಟುತ್ತದೆ, ಮೇಲೆ ಹಾಕಿದ ನೀರು ಇಳಿಯದೆ ನಿಲ್ಲುತ್ತದೆ. ಮನೆಯಲ್ಲಿ ಇಂಥ ಯಂತ್ರವಿದ್ದರೆ ಅದಕ್ಕಿಂತ ಮೊದಲು ಕವಲೊಡೆಯುವ ನಲ್ಲಿಯಿಂದ ಗಿಡಕ್ಕೆ ನೀರು ಹಿಡಿಯಿರಿ. ಬೇರೆ ಯಾವ ಪರೀಕ್ಷೆಯನ್ನೂ ಮಾಡುವ ಮುಂಚೆ ಇದನ್ನು ಮಾಡಿ.

ಅಳತೆಗಳು

ಕೈಯಲ್ಲಿ ಹಿಡಿಯುವ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಮೀಟರ್ ನಿಜವಾಗಿ ಅಳೆಯುವುದು ವಿದ್ಯುತ್ ವಾಹಕತೆಯನ್ನು. ಆ ಅಂಕಿಯನ್ನು 0.5 ಅಥವಾ 0.7ರಂಥ ಒಂದು ಗುಣಕದಿಂದ ಗುಣಿಸಿ ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ಎಂದು ತೋರಿಸುತ್ತದೆ. ಹಾಗಾಗಿ ಒಂದೇ ಲೋಟದ ನೀರಿಗೆ ಎರಡು ಮೀಟರ್‌ಗಳು ಬೇರೆ ಬೇರೆ ಅಂಕಿ ತೋರಿಸಿದರೆ ಬೆಚ್ಚಬೇಡಿ. ಇಸಿ, ಅಂದರೆ ವಿದ್ಯುತ್ ವಾಹಕತೆ, ಎಂದು ತೋರಿಸುವ ಸೌಲಭ್ಯವಿದ್ದರೆ ಅದನ್ನೇ ಬಳಸಿ.

ಟೊಮೆಟೊ ಉಪ್ಪನ್ನು ಮಧ್ಯಮ ಮಟ್ಟದಲ್ಲಿ ಸಹಿಸುವ ಬೆಳೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೀರಾವರಿ ಮಾರ್ಗಸೂಚಿಯ ಪ್ರಕಾರ ನೀರಿನ ವಾಹಕತೆ ಮೀಟರಿಗೆ 1.7 ಡೆಸಿಸೀಮನ್ಸ್ ತನಕ ಇಳುವರಿಗೆ ಧಕ್ಕೆಯಿಲ್ಲ. ಪಿಪಿಎಂ ಲೆಕ್ಕದಲ್ಲಿ ಅದು ಸುಮಾರು 1,100. ಇದು ಹೊಲದ ಲೆಕ್ಕ. ಕುಂಡದಲ್ಲಿ ಗೊಬ್ಬರದ ಉಪ್ಪೂ ಅದೇ ಸಣ್ಣ ಜಾಗದಲ್ಲಿ ಸೇರುವುದರಿಂದ ನೀರಿನ ವಾಹಕತೆ 0.8ರ ಒಳಗಿದ್ದರೆ ನಿಶ್ಚಿಂತೆ, 1.2 ದಾಟಿದರೆ ಎಚ್ಚರ ಎಂದು ಇಟ್ಟುಕೊಳ್ಳಬಹುದು. ಕುಡಿಯಲು ರುಚಿಯಾಗಿರುವ ನಲ್ಲಿ ನೀರು ಸಾಮಾನ್ಯವಾಗಿ ಈ ಮಿತಿಯೊಳಗೇ ಇರುತ್ತದೆ. ಅಂಥ ನೀರಿದ್ದೂ ಉಪ್ಪಿನ ಭಯಕ್ಕೆ ಆರ್‌ಒ ನೀರು ಹಾಕುವುದರಲ್ಲಿ ಅರ್ಥವಿಲ್ಲ.

ಎರಡನೆಯ ಅಳತೆ ಕ್ಷಾರತೆಯದು, ಇದನ್ನು ರಸಸಾರದೊಂದಿಗೆ (ಪಿಎಚ್, ಹುಳಿ-ಕ್ಷಾರದ ಅಂಕಿ) ಬೆರೆಸಿಕೊಳ್ಳಬಾರದು. ನೀರಿನ ರಸಸಾರ 7.8 ಇದೆ ಎಂಬ ಒಂದೇ ಅಂಕಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅದರೊಳಗೆ ಬೈಕಾರ್ಬೊನೇಟ್ ಎಷ್ಟಿದೆ ಎಂಬುದು ಮುಖ್ಯ. ಮೀನಿನ ತೊಟ್ಟಿಗೆ ಬಳಸುವ ಪರೀಕ್ಷಾ ಪಟ್ಟಿಯಿಂದ ಇದನ್ನು ಅಳೆಯಬಹುದು. ಲೀಟರಿಗೆ 200 ಮಿಲಿಗ್ರಾಂ ಕ್ಷಾರತೆಯ ನೀರನ್ನು ದಿನಕ್ಕೆ 2 ಲೀಟರಿನಂತೆ 90 ದಿನ ಹಾಕಿದರೆ ಆ ಕುಂಡಕ್ಕೆ 36 ಗ್ರಾಂ ಸುಣ್ಣದ ಕಲ್ಲಿನ ಪುಡಿ ಹಾಕಿದ್ದಕ್ಕೆ ಸಮ. ದೊಡ್ಡ ಹೊಲ ಇದನ್ನು ಅರಗಿಸಿಕೊಂಡೀತು, 15 ಲೀಟರಿನ ಕುಂಡಕ್ಕೆ ಅದು ಕಷ್ಟ. ಲೀಟರಿಗೆ 150 ಮಿಲಿಗ್ರಾಂ ದಾಟಿದರೆ ಕುಂಡದ ಮಿಶ್ರಣದ ರಸಸಾರ ನಿಧಾನವಾಗಿ ಏರುತ್ತದೆ ಎಂದೇ ಭಾವಿಸಿ.

ಆರ್‌ಒ ನೀರಿನಲ್ಲಿ ರಸಸಾರ ಅಳೆಯಲು ಹೋಗಿ ತಲೆ ಕೆಡಿಸಿಕೊಳ್ಳಬೇಡಿ. ಅದರಲ್ಲಿ ರಸಸಾರದ ಏರಿಳಿತಕ್ಕೆ ತಡೆಯೊಡ್ಡುವ ಲವಣಗಳೇ ಇಲ್ಲದ್ದರಿಂದ ಮೀಟರಿನ ಅಂಕಿ ಓಲಾಡುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ 6ಕ್ಕಿಂತ ಕೆಳಗೂ ಇಳಿಯುತ್ತದೆ. ಇದು ಗಿಡಕ್ಕೆ ಹಾನಿ ಮಾಡುವ ಹುಳಿಯಲ್ಲ, ಚಿಟಿಕೆ ಗೊಬ್ಬರ ಬಿದ್ದೊಡನೆ ಬದಲಾಗುತ್ತದೆ.

ಮೂರನೆಯದು ಕುಂಡದಿಂದ ಇಳಿಯುವ ನೀರಿನ ಅಳತೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯುಕ್ತವಾದದ್ದು ಇದೇ, ಏಕೆಂದರೆ ಬೇರು ಕುಡಿಯುವುದು ಬಕೆಟ್ಟಿನ ನೀರನ್ನಲ್ಲ, ಮಣ್ಣಿನೊಳಗಿನ ದ್ರಾವಣವನ್ನು. ಎಂದಿನಂತೆ ನೀರು ಹಾಕಿ, ಅರ್ಧದಿಂದ ಒಂದು ಗಂಟೆ ಬಿಡಿ. ನಂತರ ಮೇಲಿನಿಂದ ಒಂದು ಲೋಟದಷ್ಟು ಆರ್‌ಒ ನೀರನ್ನು ನಿಧಾನವಾಗಿ ಸುರಿದು, ತಳದಿಂದ ಮೊದಲು ಹೊರಬರುವ ನೀರನ್ನು ತಟ್ಟೆಯಲ್ಲಿ ಹಿಡಿದು ಅಳೆಯಿರಿ. ವಾಹಕತೆ 1ಕ್ಕಿಂತ ಕಡಿಮೆಯಿದ್ದರೆ ಗಿಡ ಹಸಿದಿದೆ. 1.5ರಿಂದ 3ರ ನಡುವೆ ಇದ್ದರೆ ಚೆನ್ನ. 4 ದಾಟಿದ್ದರೆ ಉಪ್ಪು ಕೂಡಿಕೊಂಡಿದೆ. ಅದೇ ನೀರಿನ ರಸಸಾರ 6ರಿಂದ 6.8ರ ಒಳಗಿರಬೇಕು.

ಲಕ್ಷಣದಿಂದ ಕಾರಣಕ್ಕೆ

ಎಲೆಯ ತುದಿ ಮತ್ತು ಅಂಚು ಕಂದಾಗಿ ಒಣಗಿ, ಮಣ್ಣಿನ ಮೇಲೆ ಅಥವಾ ಕುಂಡದ ಹೊರಮೈಯಲ್ಲಿ ಬಿಳಿ ಪದರ ಕಟ್ಟಿದ್ದರೆ ಉಪ್ಪಿನ ಅನುಮಾನ ನ್ಯಾಯವಾದದ್ದು. ಆ ಬಿಳಿ ಪುಡಿಯನ್ನು ಕೆರೆದು ಅದರ ಮೇಲೆ ಎರಡು ಹನಿ ವಿನೆಗರ್ ಬಿಡಿ. ನೊರೆಗುಟ್ಟಿದರೆ ಅದರಲ್ಲಿ ಸುಣ್ಣವಿದೆ, ನೀರು ಗಡಸು ಎಂದರ್ಥ. ನೊರೆ ಬಾರದೆ ಕರಗಿಹೋದರೆ ಹೆಚ್ಚಾಗಿ ಗೊಬ್ಬರದ ಉಪ್ಪು. ಎರಡನೆಯ ಸಂದರ್ಭದಲ್ಲಿ ನಲ್ಲಿಯನ್ನು ದೂರಿ ಫಲವಿಲ್ಲ, ಗೊಬ್ಬರದ ಚಮಚವನ್ನು ಚಿಕ್ಕದು ಮಾಡಬೇಕು. ಪರಿಹಾರ ಎರಡಕ್ಕೂ ಒಂದೇ: ಕುಂಡದ ಗಾತ್ರದ ಎರಡರಷ್ಟು ನೀರನ್ನು, ಹತ್ತು ಲೀಟರಿನ ಕುಂಡವಾದರೆ ಇಪ್ಪತ್ತು ಲೀಟರನ್ನು, ಹಲವು ಕಂತುಗಳಲ್ಲಿ ಸುರಿದು ಪೂರ್ತಿ ಇಳಿಯಲು ಬಿಡಿ. ಹೀಗೆ ತೊಳೆಯಲು ಆರ್‌ಒ ಅಥವಾ ಮಳೆ ನೀರು ಉತ್ತಮ. ಉಪ್ಪಿನ ಜೊತೆಗೆ ಸಾರಜನಕವೂ ತೊಳೆದು ಹೋಗಿರುವುದರಿಂದ ಮುಂದಿನ ನೀರಿಗೆ ಅರ್ಧ ಪ್ರಮಾಣದ ಗೊಬ್ಬರ ಬೆರೆಸಿ. ಆಮೇಲೆ ಪ್ರತಿ ಸಲವೂ ಹಾಕಿದ ನೀರಿನ ಹತ್ತನೆಯ ಒಂದು ಭಾಗವಾದರೂ ತಳದಿಂದ ಹೊರಹೋಗುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ.

ಚಿಗುರೆಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣವಿಲ್ಲ ಎಂದಲ್ಲ, ರಸಸಾರ ಏರಿ ಅದು ಬೇರಿಗೆ ಸಿಗದಂತಾಗಿದೆ. ಗಡಸು ನಲ್ಲಿ ನೀರನ್ನು ತಿಂಗಳುಗಟ್ಟಲೆ ಹಾಕಿದ ಕುಂಡಗಳಲ್ಲಿ ಕಾಣುವ ದೋಷ ಇದು, ಇಲ್ಲಿ ಆರ್‌ಒ ನೀರನ್ನು ಬೆರೆಸುವುದು ನಿಜಕ್ಕೂ ಕೆಲಸ ಮಾಡುತ್ತದೆ. ಇಲ್ಲವೇ ನೀರಿಗೆ ಸಿಟ್ರಿಕ್ ಆಮ್ಲವನ್ನು ಚಿಟಿಕೆ ಚಿಟಿಕೆಯಾಗಿ ಕರಗಿಸಿ ರಸಸಾರವನ್ನು 6ರ ಸಮೀಪಕ್ಕೆ ತರಬಹುದು. ತಕ್ಷಣದ ಚೇತರಿಕೆಗೆ ಕಬ್ಬಿಣದ ಚೀಲೇಟ್ (ಬೇರಿಗೆ ಸಿಗುವಂತೆ ಕಬ್ಬಿಣವನ್ನು ಕರಗಿದ ರೂಪದಲ್ಲಿ ಹಿಡಿದಿಡುವ ಸಂಯುಕ್ತ) ಕೊಡುವುದಾದರೆ ಪೊಟ್ಟಣದ ಮೇಲಿನ ಅಕ್ಷರಗಳನ್ನು ಓದಿ. ಇಡಿಟಿಎ ರೂಪದ್ದು ರಸಸಾರ 6.5 ದಾಟಿದ ಮೇಲೆ ಶಕ್ತಿಗುಂದುತ್ತದೆ, ಇಡಿಡಿಎಚ್‌ಎ ರೂಪದ್ದು ಕ್ಷಾರ ಮಣ್ಣಿನಲ್ಲಿಯೂ ಉಳಿಯುತ್ತದೆ. ಹಳದಿಯಾದ ಎಲೆ ಪೂರ್ತಿ ಹಸಿರಾಗದೇ ಇರಬಹುದು. ಅದರ ನಂತರ ಬಂದ ಎಲೆಯನ್ನು ನೋಡಿ ತೀರ್ಮಾನಿಸಿ.

ಇದರ ವಿರುದ್ಧ ಚಿತ್ರ, ಅಂದರೆ ಕೆಳಗಿನ ಹಳೆಯ ಎಲೆಗಳಲ್ಲಿ ನರಗಳ ನಡುವೆ ಹಳದಿ, ಮೆಗ್ನೀಸಿಯಂ ಕೊರತೆಯದು. ಆರ್‌ಒ ನೀರಿಗೆ ಬದಲಾಯಿಸಿದ ಕೆಲವು ವಾರಗಳ ಮೇಲೆ ಇದು ತಲೆಯೆತ್ತಿದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನೀರಿನಲ್ಲಿ ಕರಗುವ 19:19:19ರಂಥ ಗೊಬ್ಬರದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಇರುತ್ತವೆ, ಕ್ಯಾಲ್ಸಿಯಂ ಇರುವುದಿಲ್ಲ, ಮೆಗ್ನೀಸಿಯಂ ಕೂಡ ಸಾಮಾನ್ಯವಾಗಿ ಇರುವುದಿಲ್ಲ. ಅದುವರೆಗೆ ಆ ಎರಡನ್ನೂ ಒದಗಿಸುತ್ತಿದ್ದದ್ದು ನೀವು ಬೈಯುತ್ತಿದ್ದ ಗಡಸು ನೀರು. ತೆಂಗಿನ ನಾರಿನ ಪುಡಿಯಲ್ಲಿ ಬೆಳೆದ ಗಿಡದಲ್ಲಿ ಇದು ಇನ್ನೂ ಬೇಗ ಕಾಣುತ್ತದೆ. ತೊಳೆದು ಹದ ಮಾಡದ ನಾರಿನ ಪುಡಿ ತನ್ನಲ್ಲಿರುವ ಪೊಟ್ಯಾಸಿಯಂ, ಸೋಡಿಯಂಗಳನ್ನು ಬಿಟ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ.

ಪರಿಹಾರ ಸರಳ. ಲೀಟರ್ ನೀರಿಗೆ 0.4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಹಾಕಿದರೆ ಸುಮಾರು 40 ಮಿಲಿಗ್ರಾಂ ಮೆಗ್ನೀಸಿಯಂ ಸಿಗುತ್ತದೆ. ಅರ್ಧ ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಹಾಕಿದರೆ ಸುಮಾರು 95 ಮಿಲಿಗ್ರಾಂ ಕ್ಯಾಲ್ಸಿಯಂ. ಚಮಚದ ಅಂದಾಜು ಬೇಡ, ಸಣ್ಣ ತಕ್ಕಡಿಯಲ್ಲಿ ತೂಗಿ. ಕ್ಯಾಲ್ಸಿಯಂ ನೈಟ್ರೇಟಿನಲ್ಲಿ ಸಾರಜನಕವೂ ಇರುವುದರಿಂದ ಉಳಿದ ಗೊಬ್ಬರವನ್ನು ಅಷ್ಟು ತಗ್ಗಿಸಬೇಕು, ಇಲ್ಲದಿದ್ದರೆ ಗಿಡ ಸೊಕ್ಕಿ ಬೆಳೆದು ಹೂವು ಕಡಿಮೆಯಾಗುತ್ತದೆ. ಇವೆರಡನ್ನೂ ಗಟ್ಟಿ ದ್ರಾವಣದಲ್ಲಿ ಒಟ್ಟಿಗೆ ಕಲಸಬೇಡಿ. ಕ್ಯಾಲ್ಸಿಯಂ ಎಂಬುದು ಸಲ್ಫೇಟಿನ ಜೊತೆಗಾಗಲಿ ಫಾಸ್ಫೇಟಿನ ಜೊತೆಗಾಗಲಿ ಸೇರಿ ಬಿಳಿಯ ಗಸಿಯಾಗಿ ತಳಕ್ಕೆ ಕೂತುಬಿಡುತ್ತದೆ. ಬೇರೆ ಬೇರೆ ದಿನ ಕೊಡುವುದು ಕ್ಷೇಮ.

ಕಾಯಿಯ ತುದಿ ಕಪ್ಪಾದಾಗ

ತೊಟ್ಟಿನ ಎದುರು ತುದಿಯಲ್ಲಿ ಮೊದಲು ನೀರು ತುಂಬಿದಂಥ ಕಲೆ, ನಂತರ ತಗ್ಗಾದ ಕಪ್ಪು ಚರ್ಮ. ಈ ತುದಿ ಕೊಳೆ ಕ್ಯಾಲ್ಸಿಯಂ ಕೊರತೆಯದು ಎಂಬುದು ನಿಜ, ಆದರೆ ಅರ್ಧ ಮಾತ್ರ ನಿಜ. ಕ್ಯಾಲ್ಸಿಯಂ ಗಿಡದೊಳಗೆ ಚಲಿಸುವುದು ಬೇರಿನಿಂದ ಮೇಲೇರುವ ನೀರಿನೊಂದಿಗೆ. ಹೆಚ್ಚು ನೀರು ಆವಿಯಾಗುವ ಎಲೆಗೆ ಹೆಚ್ಚು ಪಾಲು, ಕಡಿಮೆ ಆವಿಯಾಗುವ ಕಾಯಿಗೆ ಕಡಿಮೆ ಪಾಲು. ಒಮ್ಮೆ ಎಲೆ ಸೇರಿದ ಕ್ಯಾಲ್ಸಿಯಂ ಹಿಂದಿರುಗಿ ಕಾಯಿಗೆ ಬರುವುದಿಲ್ಲ. ಹೀಗಾಗಿ ಮಣ್ಣು ಒಂದು ದಿನ ಬಿರುಕು ಬಿಡುವಷ್ಟು ಒಣಗಿ ಮರುದಿನ ತೊಯ್ದು ತೊಪ್ಪೆಯಾಗುತ್ತಿದ್ದರೆ, ಕ್ಯಾಲ್ಸಿಯಂ ಎಷ್ಟಿದ್ದರೂ ಕಾಯಿ ಉಪವಾಸ ಬೀಳುತ್ತದೆ.

ಆದ್ದರಿಂದ ಈ ಲಕ್ಷಣಕ್ಕೆ ಎರಡು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳಿ. ನೀರು ಸಮನಾಗಿ ಸಿಗುತ್ತಿದೆಯೇ? ಇಲ್ಲವಾದರೆ ಮೊದಲು ಅದನ್ನು ಸರಿಪಡಿಸಿ, ಮಣ್ಣಿನ ಮೇಲೆ ಒಣ ಎಲೆ ಅಥವಾ ಹುಲ್ಲಿನ ಹೊದಿಕೆ ಹಾಸಿ, ಕುಂಡ ಚಿಕ್ಕದಾಗಿದ್ದರೆ ದೊಡ್ಡದಕ್ಕೆ ಬದಲಿಸಿ, ಎರಡು ವಾರ ಕಾದು ನೋಡಿ. ನೀರು ಸಮನಾಗಿಯೇ ಇದ್ದು, ಅದು ಆರ್‌ಒ ನೀರಾಗಿದ್ದು, ಗೊಬ್ಬರದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಮಾತ್ರ ಎರಡನೆಯ ಪ್ರಶ್ನೆ: ಕ್ಯಾಲ್ಸಿಯಂ ಎಲ್ಲಿಂದ ಬರುತ್ತಿದೆ? ಬೇರಿನ ಮೂಲಕ ಕ್ಯಾಲ್ಸಿಯಂ ನೈಟ್ರೇಟ್ ಅಥವಾ ಮಣ್ಣಿಗೆ ಜಿಪ್ಸಂ ಕೊಡಿ. ಎಲೆಗೆ ಸಿಂಪಡಿಸಿದರೆ ಕಾಯಿಗೆ ತಲುಪುವುದಿಲ್ಲ ಎಂಬುದು ಮೇಲಿನ ವಿವರಣೆಯಿಂದಲೇ ಸ್ಪಷ್ಟ. ಮೊಟ್ಟೆಯ ಚಿಪ್ಪು ಹೂತರೆ ಅದು ಕರಗುವಷ್ಟರಲ್ಲಿ ಗಿಡದ ಆಯುಷ್ಯ ಮುಗಿದಿರುತ್ತದೆ. ಮೆಗ್ನೀಸಿಯಂ ಸಲ್ಫೇಟ್ ಹಾಕಿದರೆ ತುದಿ ಕೊಳೆ ನಿಲ್ಲುತ್ತದೆ ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಬೇರಿನ ಬಳಿ ಮೆಗ್ನೀಸಿಯಂ ಕ್ಯಾಲ್ಸಿಯಂಗೆ ಪೈಪೋಟಿ ಕೊಡುವುದರಿಂದ ಅದು ಉಲ್ಟಾ ಪರಿಣಾಮ ಮಾಡಬಹುದು. ಅಮೋನಿಯಂ ರೂಪದ ಸಾರಜನಕವೂ ಅತಿಯಾದ ಪೊಟ್ಯಾಷೂ ಇದೇ ತೊಂದರೆ ಕೊಡುತ್ತವೆ. ಈಗಾಗಲೇ ಕಪ್ಪಾದ ಕಾಯಿಯನ್ನು ಕಿತ್ತುಬಿಡಿ.

ಕ್ಲೋರಿನ್ ಬಗ್ಗೆ

ನಲ್ಲಿ ನೀರನ್ನು ದೂರುವವರು ಮೊದಲು ಹೇಳುವ ಹೆಸರು ಇದು, ದೋಷದ ಪಟ್ಟಿಯಲ್ಲಿ ಇದರ ಸ್ಥಾನ ಮಾತ್ರ ಕೊನೆಯದು. ಕುಡಿಯುವ ನೀರಿನಲ್ಲಿ ಇರುವ ಕ್ಲೋರಿನ್ ಮಣ್ಣಿನ ಮೇಲ್ಪದರದ ಸಾವಯವ ವಸ್ತುವಿಗೆ ತಾಗಿದೊಡನೆ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಗೊಬ್ಬರ ಬೆರೆತ ಮಣ್ಣಿನ ಗಿಡಕ್ಕೆ ಇದರಿಂದ ಹಾನಿಯಾಗುವುದು ವಿರಳ. ಸಮಾಧಾನಕ್ಕೆ ಬೇಕಿದ್ದರೆ ಬಾಯಿ ತೆರೆದ ಬಕೆಟ್ಟಿನಲ್ಲಿ ರಾತ್ರಿಯಿಡೀ ಇಡಿ. ಕ್ಲೋರಮಿನ್ (ಕ್ಲೋರಿನ್ ಮತ್ತು ಅಮೋನಿಯ ಸೇರಿದ ಸೋಂಕುನಾಶಕ) ಬಳಸುವ ಸರಬರಾಜಾದರೆ ಹಾಗೆ ಇಟ್ಟರೂ ಹೋಗುವುದಿಲ್ಲ, ಅದಕ್ಕೆ ಇದ್ದಿಲಿನ ಫಿಲ್ಟರ್ ಬೇಕು. ಮಣ್ಣಿಲ್ಲದೆ ನೀರಿನಲ್ಲಿಯೇ ಬೇರು ಬಿಟ್ಟು ಬೆಳೆಸುವ ವಿಧಾನದಲ್ಲಿ ಈ ವಿಷಯಕ್ಕೆ ಗಮನ ಕೊಡಬೇಕಾಗುತ್ತದೆ.

ಖಚಿತಪಡಿಸಿಕೊಳ್ಳುವ ಪರೀಕ್ಷೆ

ಒಂದೇ ತಳಿಯ, ಒಂದೇ ವಯಸ್ಸಿನ ಎರಡು ಗಿಡಗಳನ್ನು ಒಂದೇ ಗಾತ್ರದ ಕುಂಡದಲ್ಲಿ, ಒಂದೇ ಮಿಶ್ರಣದಲ್ಲಿ, ಒಂದೇ ಬಿಸಿಲಿನಲ್ಲಿ ಇಡಿ. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಫಿಲ್ಟರ್ ನೀರು, ಅಳತೆ ಸಮ. ಮೂರನೆಯ ಗಿಡಕ್ಕೆ ಫಿಲ್ಟರ್ ನೀರಿನ ಜೊತೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೊಟ್ಟರೆ ಪರೀಕ್ಷೆ ಪೂರ್ಣವಾಗುತ್ತದೆ. ಮೊದಲನೆಯದು ಮಾತ್ರ ಕೆಟ್ಟರೆ ನೀರಿನಲ್ಲಿ ದೋಷ. ಎರಡನೆಯದು ಮಾತ್ರ ಕೆಟ್ಟರೆ ಗೊಬ್ಬರದಲ್ಲಿ ಕೊರತೆ. ಮೂರೂ ಒಂದೇ ರೀತಿ ಕೆಟ್ಟರೆ ನೀರನ್ನು ಬಿಟ್ಟು ಬಿಸಿಲು, ಮಣ್ಣು, ರೋಗಗಳ ಕಡೆ ತಿರುಗಿ. ತೀರ್ಪಿಗೆ ಕನಿಷ್ಠ ನಾಲ್ಕು ವಾರ ಬೇಕು, ಏಕೆಂದರೆ ಕ್ಷಾರತೆ ಮತ್ತು ಉಪ್ಪು ಎರಡೂ ನಿಧಾನವಾಗಿ ಕೂಡಿಕೊಳ್ಳುವಂಥವು. ಮೂರು ದಿನದಲ್ಲಿ ಕಂಡ ವ್ಯತ್ಯಾಸ ಬಹುಮಟ್ಟಿಗೆ ನೋಡುವವರ ಆಸೆಯದು.

ನೀರು ಬೆರೆಸುವ ಲೆಕ್ಕ

ನಲ್ಲಿ ನೀರಿನಲ್ಲಿಯೇ ದೋಷ ಎಂದು ಖಚಿತವಾದರೂ ಪೂರ್ತಿ ಆರ್‌ಒ ನೀರಿಗೆ ಹೋಗುವ ಅಗತ್ಯ ಕಡಿಮೆ. 900 ಪಿಪಿಎಂ ನಲ್ಲಿ ನೀರಿಗೆ 50 ಪಿಪಿಎಂ ಆರ್‌ಒ ನೀರನ್ನು ಸಮಭಾಗ ಬೆರೆಸಿದರೆ 475 ಪಿಪಿಎಂ ಆಗುತ್ತದೆ. ಉಪ್ಪು ಇಳಿಯಿತು, ಕ್ಷಾರತೆ ಅರ್ಧವಾಯಿತು, ಕ್ಯಾಲ್ಸಿಯಂ ಸ್ವಲ್ಪ ಉಳಿಯಿತು. ಹೆಚ್ಚಿನ ಕುಂಡಗಳಿಗೆ ಇಷ್ಟೇ ಸಾಕು. ಮಳೆ ನೀರು ಸಿಗುವ ಕಾಲದಲ್ಲಿ ಆರ್‌ಒ ನೀರಿನ ಜಾಗದಲ್ಲಿ ಅದನ್ನೇ ಬಳಸಬಹುದು.

ಆರ್‌ಒ ಯಂತ್ರ ಹೊರಚೆಲ್ಲುವ ನೀರನ್ನು ಗಿಡಕ್ಕೆ ಹಾಕುವವರು ಮೊದಲು ಅದನ್ನು ಅಳೆಯಬೇಕು. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಹೊರಹೋಗುವ ಯಂತ್ರದಲ್ಲಿ ಹೊರನೀರಿನ ಉಪ್ಪು ಮೂಲ ನೀರಿನ ಸುಮಾರು ಒಂದೂಕಾಲರಿಂದ ಒಂದೂವರೆ ಪಟ್ಟು, ಸಮಪಾಲಿನ ಯಂತ್ರದಲ್ಲಿ ಸುಮಾರು ಎರಡು ಪಟ್ಟು. ನಲ್ಲಿ ನೀರು 250 ಪಿಪಿಎಂ ಇದ್ದರೆ ಹೊರನೀರು 500ರ ಒಳಗೇ ಇದ್ದು ಟೊಮೆಟೊಗೆ ಧಾರಾಳವಾಗಿ ಹಾಕಬಹುದು, ಕ್ಯಾಲ್ಸಿಯಂ ಕೂಡ ಅದರಲ್ಲಿಯೇ ಇದೆ. ನಲ್ಲಿ ನೀರು 800 ಇದ್ದರೆ ಹೊರನೀರನ್ನು ನೆಲ ತೊಳೆಯಲು ಇಟ್ಟುಕೊಳ್ಳಿ.